ಲೈವ್ ಅಟ್ ಯಡಿಯೂರು

ಶಶಿಕಾಂತ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಯುವರಾಜ ಒಂದು ಕೆಟ್ಟುಹೋದ ಆಂಪ್ಲಿಫೈಯರಿನ ಹೊಟ್ಟೆ ಬಗೆದುಕೊಂಡು ಕೂತಿದ್ದ. ಗಣೇಶನ ಹಬ್ಬ ಹತ್ತಿರ ಬಂದಿತ್ತು. ಯಡಿಯೂರಿನ ‘ಪಿಳ್ಳಪ್ಪ ಸೌಂಡ್ಸ್’ನಲ್ಲಿ ಆ ದಿನಗಳಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆದರೆ ಯುವರಾಜ ತಲೆ ಎತ್ತದೇ ಇದ್ದದ್ದು ಅದಕ್ಕಲ್ಲ. ಬಂದವರು ಯಾರೆಂದು ಅವನಿಗೆ ಸ್ಕೂಟರಿನ ಸದ್ದಿನಲ್ಲೇ ಗೊತ್ತಾಗಿತ್ತು.

“ಏನಪ್ಪಾ ಯುವ, ಕೆಲಸ ಜೋರಾ?”

“ಕಾಣ್ತಿಲ್ವಾ ಅಂಕಲ್.”

ಬಾಗಿಲ ಬಳಿ ವೈರ್ ಸುತ್ತುತ್ತಿದ್ದ ಕೆಂಪರಾಜು ಕಿಸಕ್ಕನೆ ನಕ್ಕ. ಅವನು ಯುವರಾಜನ ಚಿಕ್ಕಪ್ಪನ ಮಗ. ಸ್ಪೀಕರ್ ಸಾಗಿಸುವ ಗಾಡಿ ಓಡಿಸುವುದು ಅವನ ಕೆಲಸ, ಯುವರಾಜನ ಬಾಯಿಂದ ಬಯ್ಯಿಸಿಕೊಳ್ಳುವುದೂ ಅವನ ಕೆಲಸವೇ. “ಕೂತ್ಕೊಳಿ ಸಾರ್. ಇವ್ನು ಯುಗಾದಿಯಿಂದ ಹಿಂಗೇ. ಮುಟ್ಟಿದ್ರೆ ಶಾಕ್ ಹೊಡಿತಾನೆ,” ಎಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಟ್ಟ.

ಯುಗಾದಿ ಕಳೆದ ಮರುವಾರ ಯುವರಾಜನ ಅಪ್ಪ ಪಿಳ್ಳಪ್ಪ ಇದೇ ಬಾಗಿಲಲ್ಲಿ ವೈರ್ ಸುತ್ತುತ್ತಾ ಕೂತವನು ಗೋಡೆಗೆ ಒರಗಿದ್ದ. ನಿದ್ದೆ ಹತ್ತಿರಬೇಕು ಅಂದುಕೊಂಡರು. ಕಾಫಿ ತಂದ ಹೆಂಡತಿ ಈಶ್ವರಮ್ಮ ಭುಜ ಮುಟ್ಟಿದಾಗ ಗೊತ್ತಾಯಿತು.

ಶಶಿಕಾಂತ್ ಕುರ್ಚಿಯಲ್ಲಿ ಕೂತು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ತಲೆ ಪೂರಾ ಬೋಳು. ಈ ತಲೆಯ ಮೇಲೆ ಒಂದು ಕಾಲದಲ್ಲಿ ಸೊಂಟದವರೆಗೆ ಕೂದಲಿತ್ತು ಎಂದರೆ ಜಯನಗರ ನಾಲ್ಕನೇ ಬ್ಲಾಕಿನ ಅವರ ಬಟ್ಟೆ ಅಂಗಡಿಗೆ ಬರುವ ಗಿರಾಕಿಗಳು ಯಾರೂ ನಂಬುವುದಿಲ್ಲ.

“ನಿಮ್ಮಪ್ಪನ ಹತ್ರ ಒಂದು ಕ್ಯಾಸೆಟ್ ಇತ್ತಲ್ಲ. ಯಡಿಯೂರುದು,” ಎಂದರು. “ಅದು ಬೇಕಿತ್ತು ಕಣೋ. ಎರಡೇ ದಿನ. ಕಂಪ್ಯೂಟರ್‌ಗೆ ಹಾಕಿಸ್ಕೊಂಡು ವಾಪಸ್ ಕೊಡ್ತೀನಿ. ನಂದು ಬೂಷ್ಟು ಹಿಡಿದು ಅಂಟ್ಕೊಂಬಿಟ್ಟಿದೆ. ಎಲ್ಲೆಲ್ಲಿ ಹುಡುಕಿದೆ, ಇನ್ನೊಂದು ಸಿಗ್ತಿಲ್ಲ.”

ಯುವರಾಜ ಸ್ಕ್ರೂಡ್ರೈವರ್ ಕೆಳಗಿಟ್ಟ.

‘ಸೌತ್ ಎಂಡ್’ ಎನ್ನುವುದು ಒಂದು ಬ್ಯಾಂಡಿನ ಹೆಸರು. ಸೌತ್ ಎಂಡ್ ಸರ್ಕಲ್ಲಿನ ಹತ್ತಿರ ಯಾರದೋ ಕಾರ್ ಶೆಡ್ಡಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು, ಅದಕ್ಕೇ ಆ ಹೆಸರು. ಯುವರಾಜ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಇಂಗ್ಲಿಷಿನಲ್ಲಿ ಹಾಡು ಕಟ್ಟಿ, ಗಿಟಾರನ್ನು ಕಿರುಚಿಸಿ, ಕಾಲೇಜು ಫೆಸ್ಟುಗಳಲ್ಲಿ ಧೂಳೆಬ್ಬಿಸುತ್ತಿದ್ದ ಹಾರ್ಡ್ ರಾಕ್ ಬ್ಯಾಂಡು. ಹಾಡುತ್ತಿದ್ದದ್ದು ಶಶಿಕಾಂತ್. ಡ್ರಮ್ಸ್ ಪಿಳ್ಳಪ್ಪನದು. ಯಡಿಯೂರಿನಲ್ಲಿ ರಾಗಿ ಬೆಳೆಯುತ್ತಿದ್ದವರ ಮಗ, ಎಸ್ಸೆಸ್ಸೆಲ್ಸಿ ಫೇಲು. ಇಂಗ್ಲಿಷ್ ಹಾಡಿನ ಒಂದು ಸಾಲೂ ಅರ್ಥವಾಗದೆ ಅದಕ್ಕೆ ಡ್ರಮ್ ಬಾರಿಸುತ್ತಿದ್ದ, ಹಾಡು ಶುರುವಾಗುವ ಮುಂಚೆ ಕೋಲಿಗೆ ಕೋಲು ಬಡಿದು ಕನ್ನಡದಲ್ಲೇ ‘ಒಂದ್, ಎರಡ್, ಮೂರ್, ನಾಲ್ಕ್’ ಎಣಿಸುತ್ತಿದ್ದ. ಇಂಗ್ಲಿಷ್ ಹಾಡಿಗೆ ಕನ್ನಡದ ಎಣಿಕೆ ಅಂತ ಜನ ನಗುತ್ತಿದ್ದರಂತೆ. ನಗಲಿ. ಹಾಡಿಗೇನು ಜಾತಿಯೇ, ಎಣಿಸಿದವನ ಬಾಯಿ ತಾಕಿ ಮೈಲಿಗೆಯಾಗುವುದಕ್ಕೆ?

ಆಮೇಲೆ ಬ್ಯಾಂಡಿಗೆ ಒಂದು ಕ್ಯಾಸೆಟ್ ಮಾಡುವ ಯೋಗ ಬಂತು. ಸ್ಟುಡಿಯೋದಲ್ಲಿ ತಾಳ ತಪ್ಪದಿರಲೆಂದು ಪಿಳ್ಳಪ್ಪನ ಕಿವಿಗೆ ಟಿಕ್ ಟಿಕ್ ಎನ್ನುವ ಯಂತ್ರ ಕಟ್ಟಿದರು. ಅವನು ಯಂತ್ರಕ್ಕಿಂತ ಮುಂದೆ ಓಡಿದ. ಮತ್ತೆ ಕಟ್ಟಿದರು, ಮತ್ತೆ ಓಡಿದ. ‘ನಿನ್ನ ಕೈ ಓಡುತ್ತೆ’ ಎಂದು ಅವನನ್ನು ಎಬ್ಬಿಸಿ ಮದ್ರಾಸಿನಿಂದ ಬೇರೊಬ್ಬನನ್ನು ಕರೆಸಿದರು. ಆ ಮದ್ರಾಸಿನವನ ಡ್ರಮ್ ಸೆಟ್ಟನ್ನು ಸ್ಟೇಷನ್ನಿನಿಂದ ಸ್ಟುಡಿಯೋಗೆ ಗಾಡಿಯಲ್ಲಿ ಹೊತ್ತು ತಂದವನೂ ಪಿಳ್ಳಪ್ಪನೇ. ರೆಕಾರ್ಡಿಂಗ್ ಮುಗಿಯುವ ತನಕ ಹೊರಗೆ ಬೀಡಿ ಸೇದುತ್ತಾ ಕಾದಿದ್ದು, ಮತ್ತೆ ಸ್ಟೇಷನ್ನಿಗೆ ಬಿಟ್ಟು ಬಂದ. ಸ್ಟುಡಿಯೋ ಕ್ಯಾಸೆಟ್ಟನ್ನು ಎಲ್ಲರೂ ಹೊಗಳಿದರು. ಈಗಲೂ ಹಳೇ ರಾಕ್ ಹುಚ್ಚರು ಅದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಉದ್ದುದ್ದ ಬರೆಯುತ್ತಾರೆ. ಅದರಲ್ಲಿ ಪಿಳ್ಳಪ್ಪ ಇಲ್ಲ.

ಪಿಳ್ಳಪ್ಪ ಇದ್ದದ್ದು ಇನ್ನೊಂದರಲ್ಲಿ. ಅದರ ಮರುವರ್ಷ ಯಡಿಯೂರಿನ ಗಣೇಶೋತ್ಸವದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಕೈಕೊಟ್ಟಾಗ ಪಿಳ್ಳಪ್ಪ ಊರಿನವರ ಕೈಕಾಲು ಹಿಡಿದು ತನ್ನ ಬ್ಯಾಂಡನ್ನು ಸ್ಟೇಜ್ ಹತ್ತಿಸಿದ. ಮದ್ರಾಸಿನವನನ್ನು ಕರೆಸಲು ಗತಿ ಇರಲಿಲ್ಲವಾಗಿ ಡ್ರಮ್ಸಿಗೆ ಅವನೇ ಕೂತ. ಯಾರೋ ಅದನ್ನು ರೆಕಾರ್ಡ್ ಮಾಡಿದರು. ದೊಡ್ಡ ದೊಡ್ಡ ಬ್ಯಾಂಡುಗಳೆಲ್ಲ ಲಂಡನ್ನಿನಲ್ಲಿ, ಟೋಕಿಯೋದಲ್ಲಿ ಲೈವ್ ಆಲ್ಬಂ ಮಾಡುತ್ತವಲ್ಲ, ಇವರದು ‘ಲೈವ್ ಅಟ್ ಯಡಿಯೂರು’. ಶಾಮಿಯಾನದ ಕೆಳಗೆ, ಕಡುಬು ತಿಂದು ಕೂತ ಜನರ ಮುಂದೆ.

ಅದನ್ನು ಕೊಂಡವರಿಲ್ಲ. ಒಂದು ಪೇಪರಿನಲ್ಲಿ ‘ಬ್ಯಾಂಡಿಗಿಂತ ಗಲಾಟೆಯೇ ಚೆನ್ನಾಗಿ ಕೇಳಿಸುತ್ತದೆ’ ಎಂದು ಬರೆದರು. ಉಳಿದ ಕ್ಯಾಸೆಟ್ಟುಗಳ ಮೇಲೆ ಊರಿನ ಭಜನಾ ಮಂಡಳಿಯವರು ಅಯ್ಯಪ್ಪನ ಭಜನೆ ರೆಕಾರ್ಡ್ ಮಾಡಿಕೊಂಡರು. ಬ್ಯಾಂಡೂ ಒಡೆಯಿತು. ಪಿಳ್ಳಪ್ಪ ಮೈಕ್ ಸೆಟ್ ಅಂಗಡಿ ಇಟ್ಟ.

ಯುವರಾಜ ಆ ಕ್ಯಾಸೆಟ್ಟನ್ನು ಕೇಳಿದ್ದು ಚಿಕ್ಕವನಿದ್ದಾಗ, ಅಪ್ಪನ ಹಳೇ ವ್ಯಾನಿನಲ್ಲಿ. ಬನಶಂಕರಿಯ ಯಾವುದೋ ಮದುವೆಗೆ ಸಾಮಾನು ಇಳಿಸಿ ವಾಪಸು ಬರುವಾಗ ಅಪ್ಪ ಅದನ್ನು ಹಾಕುತ್ತಿದ್ದ. ಜನರ ಗದ್ದಲ, ಯಾರೋ ಕೂಗುವುದು, ಪಟಾಕಿ, ಆಮೇಲೆ ಅಪ್ಪನ ಎಣಿಕೆ. ನಾಲ್ಕು ಎಂದದ್ದೇ ತಡ, ಗುಡ್ಡದಿಂದ ಬಂಡೆ ಉರುಳಿದ ಹಾಗೆ ಡ್ರಮ್ಮು. ಅಪ್ಪ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ, ವ್ಯಾನಿನ ಸ್ಪೀಡೂ ಏರುತ್ತಿತ್ತು. ವ್ಯಾನು ಗುಜರಿಗೆ ಹೋಯಿತು, ಅದರ ಜೊತೆ ಟೇಪೂ ಹೋಯಿತು. ಕ್ಯಾಸೆಟ್ ಮಾತ್ರ ದೇವರ ಗೂಡಿನ ಪಕ್ಕದ ಬೀರುವಿನಲ್ಲಿ ಉಳಿಯಿತು.

ಸ್ಟುಡಿಯೋದ ಕತೆಯನ್ನು ಪಿಳ್ಳಪ್ಪ ನಗುನಗುತ್ತಲೇ ಹೇಳುತ್ತಿದ್ದ. ‘ಬಿಡೋ, ಕೈ ಓಡ್ತಿತ್ತು, ನಿಜ’ ಎನ್ನುತ್ತಿದ್ದ. ಬಿಡುವುದು ಯುವರಾಜನಿಗೆ ಬರುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರು ಎಲ್ಲರ ಮುಂದೆ ‘ಮೈಕ್ ಸೆಟ್ಟಿನವನ ಮಗ, ನಿಂಗ್ಯಾಕೋ ಓದು’ ಎಂದಾಗ ಬ್ಯಾಗನ್ನು ಅವರ ಮೇಜಿನ ಮೇಲೆ ಎಸೆದು ಬಂದವನು ಮತ್ತೆ ಆ ಗೇಟು ದಾಟಿರಲಿಲ್ಲ. ಅಪ್ಪ ನುಂಗಿದ್ದನ್ನೆಲ್ಲ ಮಗ ಹೊಟ್ಟೆಯಲ್ಲಿಟ್ಟುಕೊಂಡು ಉರಿಯುತ್ತಿದ್ದ.

ಈಗ ಆ ಉರಿ ಶಶಿಕಾಂತರ ಮೇಲೆ ತಿರುಗಿತು.

“ಅವತ್ತು ಬೇಡವಾಗಿದ್ದ ಡ್ರಮ್ಮರ್ ಇವತ್ತು ಯಾಕ್ ಅಂಕಲ್ ಬೇಕಾದ?”

“ಹಂಗಲ್ವೋ...”

“ಹಂಗೇ. ಹೊರಗೆ ಕೂರ್ಸಿದ್ರಿ. ಬೇರೆಯವನ ಡ್ರಮ್ಸ್ ಹೊರ್ಸಿದ್ರಿ. ಈಗ ಕಂಪ್ಯೂಟರ್‌ಗೆ ಹಾಕ್ತಾರಂತೆ! ಹಾಕಿ, ನಮ್ಮಪ್ಪನ ಕೈ ಓಡ್ತು ಅಂತ ಅದರಲ್ಲೂ ತೆಗೆದುಬಿಟ್ಟು ಇನ್ಯಾವನ್ದೋ ಕೂರ್ಸೋಕಾ? ಈಗ ಅದೆಲ್ಲಾ ಮಾಡ್ತಾರೆ, ನಂಗೂ ಗೊತ್ತು.”

“ಹೇ, ಯಾರೋ ಹಂಗೆ ಮಾಡ್ತಾರೆ? ಇದ್ದಂಗೇ ಹಾಕೋದು. ಆ ಬೈಗುಳ, ಪಟಾಕಿ, ಎಲ್ಲಾ ಸೇರಿಸಿ.” ಶಶಿಕಾಂತ್ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದರು. “ನಾವು ಮಾಡಿದ್ದರಲ್ಲಿ ಜೀವ ಇರೋದು ಅದೊಂದೇ ಕಣೋ. ಆ ಸ್ಟುಡಿಯೋದು ಕೇಳೋಕೇ ಆಗಲ್ಲ ನಂಗೆ.”

“ಇದನ್ನ ಅವ್ರು ಬದುಕಿದ್ದಾಗ ಹೇಳ್ಬೇಕಿತ್ತು.”

ಶಶಿಕಾಂತ್ ಪಟ್ಟಿಯನ್ನು ಬೆರಳಿನಿಂದ ಬಿಚ್ಚಿಕೊಂಡರು. ಹೆಲ್ಮೆಟ್ ಹಾಕಿಕೊಂಡು ಎದ್ದು ಹೋದರು.

“ಕೊಟ್ಟಿದ್ರೆ ಏನ್ ಗಂಟು ಹೋಗ್ತಿತ್ತು ಮಗಾ?” ಎಂದ ಕೆಂಪರಾಜು.

“ಮುಚ್ಕೊಂಡು ವೈರ್ ಸುತ್ತು.”

ಅಷ್ಟಕ್ಕೇ ಸಮಾಧಾನವಾಗಲಿಲ್ಲ ಯುವರಾಜನಿಗೆ. ಅಮ್ಮ ಮೆತ್ತಗಿನ ಹೆಂಗಸು. ಶಶಿಕಾಂತ್ ತಾನಿಲ್ಲದ ಹೊತ್ತಿಗೆ ಮನೆಗೆ ಬಂದು ‘ಅಕ್ಕಾ’ ಎಂದರೆ ಎತ್ತಿ ಕೊಟ್ಟುಬಿಡುತ್ತಾಳೆ. ಬೀರುವಿನಿಂದ ಕ್ಯಾಸೆಟ್ ತೆಗೆದುಕೊಂಡು ಅಂಗಡಿಗೆ ಬಂದ. ಎಲ್ಲಿಡುವುದು? ಅಂಗಡಿಯ ಮೂಲೆಯಲ್ಲಿ ಅಪ್ಪ ತನ್ನ ಕೈಯಿಂದಲೇ ಹಲಗೆ ಕೊಯ್ದು ಮಾಡಿದ ಸ್ಪೀಕರ್ ಬಾಕ್ಸ್ ಇತ್ತು, ಆಳೆತ್ತರದ್ದು. ಅಪ್ಪನಿಗೆ ಅದೆಂದರೆ ಪ್ರಾಣ. ಅದರ ಮೇಲೆ ಕಾಫಿ ಲೋಟ ಇಟ್ಟರೂ ಬಯ್ಯುತ್ತಿದ್ದ. ಚಿಕ್ಕಂದಿನಲ್ಲಿ ಒಮ್ಮೆ ಯುವರಾಜ ಅದರ ಮೇಲೆ ಕ್ಯಾಸೆಟ್ಟುಗಳನ್ನು ಮನೆಯಂತೆ ಜೋಡಿಸಿ ಆಡುತ್ತಿದ್ದಾಗ ಅಪ್ಪ ಓಡಿಬಂದು ಕೈಮೇಲೆ ಫಟ್ ಎಂದು ಬಾರಿಸಿ ಎಲ್ಲವನ್ನೂ ಬಾಚಿಕೊಂಡು ಹೋಗಿದ್ದ. ಅಪ್ಪನಿಂದ ತಿಂದ ಏಟು ಅದೊಂದೇ. ಯಾಕೆಂದು ಅವನು ಕೇಳಿರಲಿಲ್ಲ. ಮೂರು ದಿನ ಮಾತು ಬಿಟ್ಟಿದ್ದ, ಅಷ್ಟೇ.

ಬಾಕ್ಸಿನ ಹಿಂದಿನ ಹಲಗೆ ಬಿಚ್ಚಿದ. ಒಳಗೆ ದೊಡ್ಡ ಸ್ಪೀಕರಿನ ಬೆನ್ನು, ರೊಟ್ಟಿ ಹೆಂಚಿನಷ್ಟು ಅಗಲದ ಮ್ಯಾಗ್ನೆಟ್ಟು. ಅಪ್ಪನ ಹಳೇ ಟವಲಿನ ತುಂಡಿನಲ್ಲಿ ಕ್ಯಾಸೆಟ್ ಸುತ್ತಿ ಹತ್ತಿರ ಒಯ್ದಾಗ, ಅದರ ಪುಟ್ಟ ಸ್ಕ್ರೂಗಳನ್ನು ಮ್ಯಾಗ್ನೆಟ್ಟು ಎಳೆದುಕೊಂಡಿತು. ತಟ್ಟನೆ ಅಂಟಿಕೊಂಡಿತು ಕ್ಯಾಸೆಟ್ಟು, ಕೈಯಿಂದ ಯಾರೋ ಇಸಿದುಕೊಂಡ ಹಾಗೆ. ಯುವರಾಜನ ಕಣ್ಣಲ್ಲಿ ನೀರು ಬಂತು. ಅಪ್ಪನ ಸಾಮಾನು ಅಪ್ಪನ ಬಾಕ್ಸಿಗೆ ಸೇರಿತು ಅಂದುಕೊಂಡ. ಬೀಳದಂತೆ ಪಟ್ಟಿ ಹಾಕಿ ಕಟ್ಟಿ, ಹಲಗೆ ಮುಚ್ಚಿ ಸ್ಕ್ರೂ ತಿರುಗಿಸಿದ.

ಸ್ಪೀಕರಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಆದರೆ ಅವನು ಕೆಲಸ ಕಲಿತದ್ದು ಪೆನ್‌ಡ್ರೈವಿನ ಕಾಲದಲ್ಲಿ.

ಆ ವರ್ಷ ಸೂತಕದ ಮನೆಯೆಂದು ಮನೆಯಲ್ಲಿ ಗಣೇಶನನ್ನು ಕೂರಿಸಲಿಲ್ಲ. ಪೆಂಡಾಲಿನ ಗಣೇಶನಿಗೆ ಮಾತ್ರ ಎಂದಿನಂತೆ ಪಿಳ್ಳಪ್ಪ ಸೌಂಡ್ಸಿನದೇ ಸದ್ದು. ಅಪ್ಪನ ಬಾಕ್ಸನ್ನು ಯುವರಾಜ ಸ್ಟೇಜಿನ ಎಡಗಡೆಗೆ, ಹಿಂದೆ ಅಪ್ಪನ ಡ್ರಮ್ ಇದ್ದ ಮಗ್ಗುಲಿಗೇ ನಿಲ್ಲಿಸಿದ. ಯಾರಿಗೂ ಹೇಳಲಿಲ್ಲ. ಯಾವುದೋ ಡಿಜೆ ಹಾಡಿಗೆ ಹುಡುಗರು ಕುಣಿಯುತ್ತಿದ್ದರೆ ಅವನು ಬಾಕ್ಸಿನ ಬೆನ್ನ ಮೇಲೆ ಅಂಗೈ ಊರಿ ನಿಂತು, ಅದರ ನಡುಕವನ್ನು ಮೈಗೆ ತುಂಬಿಕೊಳ್ಳುತ್ತಿದ್ದ. ತನಗೆ ತಾನೇ ಒಂದು ಮಾತು ಕೊಟ್ಟುಕೊಂಡಿದ್ದ. ಹಿರಿಯರ ಹಬ್ಬದ ದಿನ ಅಪ್ಪನ ಎಡೆಯ ಮುಂದೆ ಆ ಕ್ಯಾಸೆಟ್ ಹಾಕಬೇಕು. ಇಡೀ ಬೀದಿಗೆ ಅಪ್ಪ ಕೇಳಿಸಬೇಕು. ಅಮ್ಮನಿಗೆ ಅಷ್ಟನ್ನು ಮಾತ್ರ ಹೇಳಿದ್ದ.

ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಅವರು ಇಷ್ಟಪಟ್ಟದ್ದನ್ನೆಲ್ಲ ಎಡೆ ಇಡುವುದು ಆ ಕಡೆಯ ಪದ್ಧತಿ. ಪಿಳ್ಳಪ್ಪ ಹೋದ ಮೇಲೆ ಇದೇ ಮೊದಲ ಹಬ್ಬ. ಈಶ್ವರಮ್ಮ ಬೆಳಗಿನಿಂದ ಒಲೆ ಬಿಟ್ಟು ಕದಲಿರಲಿಲ್ಲ. ಮುದ್ದೆ, ಮಟನ್ ಸಾರು, ಬೋಟಿ, ಕಜ್ಜಾಯ. ಹೊಸ ಪಂಚೆ, ಒಂದು ಕ್ವಾರ್ಟರ್ ಬ್ರಾಂಡಿ, ಒಂದು ಕಟ್ಟು ಬೀಡಿ.

“ಟೇಪ್ ರೆಕಾರ್ಡರ್ ಎಲ್ಲಿಂದ ತರೋದಮ್ಮ?” ಎಂದ ಯುವರಾಜ.

“ಶಶಣ್ಣಂಗೆ ಹೇಳಿದೀನಿ, ತರ್ತಾರೆ.”

“ಅವ್ರನ್ಯಾಕ್ ಕರೆದೆ?”

“ಇನ್ಯಾರ್ ಮನೇಲೈತೋ ಅದು? ನಿಮ್ಮಪ್ಪನ ಮಣ್ಣಿಗೆ ಬಂದು ನಿಂತಿದ್ರು, ಎಡೆಗೆ ಕರೀಬಾರ್ದಾ?” ಈಶ್ವರಮ್ಮ ಸೌಟು ಎತ್ತಿದಳು. “ಬಾಗ್ಲಲ್ಲಿ ನಿಲ್ಸಿ ಏನಾರಾ ಬೈದ್ಯೋ, ನೋಡು ಮತ್ತೆ.”

ಶಶಿಕಾಂತ್ ಹೊತ್ತು ಇಳಿಯುವಾಗ ಬಂದರು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಟೇಪ್ ರೆಕಾರ್ಡರು. ಲಿಂಗಾಯತರ ಮನೆಯವರು, ಮಟನ್ ವಾಸನೆಗೆ ಮೂಗು ಮುರಿಯುತ್ತಾರೇನೋ ಎಂದು ಯುವರಾಜ ನೋಡಿದ. ಅವರು ಮೂಗು ಮುರಿಯಲಿಲ್ಲ. “ಅಕ್ಕಾ, ಈ ಮನೆ ಬೋಟಿ ವಾಸನೇಲೇ ನಾನು ಹಾಡೋದು ಕಲಿತಿದ್ದು,” ಎಂದರು. “ನಿಮಗೆ ಬೇರೆ ಪಾತ್ರೇಲಿ ಚಿತ್ರಾನ್ನ ಮಾಡಿಟ್ಟಿದೀನಿ,” ಎಂದು ಈಶ್ವರಮ್ಮ ನಕ್ಕಳು. ಯುಗಾದಿಯಿಂದೀಚೆಗೆ ಅವಳು ನಕ್ಕದ್ದನ್ನು ಯುವರಾಜ ನೋಡಿದ್ದು ಅದೇ ಮೊದಲು. ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡ.

ಅಂಗಡಿಗೆ ಹೋಗಿ ಬಾಕ್ಸಿನ ಹಲಗೆ ಬಿಚ್ಚಿದ. ಕ್ಯಾಸೆಟ್ಟು ಇಟ್ಟಲ್ಲೇ ಭದ್ರವಾಗಿ ಅಂಟಿಕೊಂಡಿತ್ತು. ಕಿತ್ತುಕೊಳ್ಳುವಾಗ ಮ್ಯಾಗ್ನೆಟ್ಟು ಚೂರು ಹಿಡಿದೆಳೆಯಿತು.

ನಡುಮನೆಯಲ್ಲಿ ಅಪ್ಪನ ಫೋಟೋ, ಎಲೆ, ಎಡೆ, ದೀಪ. ಫೋಟೋದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಯುವರಾಜ ವೈರೊಂದನ್ನು ಅಂಗಡಿಯ ಆಂಪ್ಲಿಫೈಯರಿಗೆ ಎಳೆಯಲು ಹೋದ. “ಬೇಡ ಕಣೋ, ಮೊದ್ಲು ಸುಮ್ನೆ ಹಾಕು. ಅವ್ರು ಊಟ ಮಾಡ್ಲಿ,” ಎಂದಳು ಅಮ್ಮ. ಧೂಪ ಹಾಕಿ ಎಲ್ಲರೂ ಕೈಮುಗಿದರು. ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಬರಬೇಕು, ಹಿರಿಯರು ಬಂದು ಉಣ್ಣುವುದನ್ನು ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಮಗನಾದವನು ಬಾಗಿಲು ತಟ್ಟಿ ಒಳಗೆ ಹೋಗಬೇಕು. ಯುವರಾಜ ಕ್ಯಾಸೆಟ್ ಹಾಕಿ, ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡು ಬಂದ. ಪಡಸಾಲೆಯ ಚಾಪೆಯ ಮೇಲೆ ಅಮ್ಮ, ಶಶಿಕಾಂತ್, ಕೆಂಪರಾಜು ಕೂತಿದ್ದರು. ಅವನು ನಿಂತೇ ಇದ್ದ.

ಸರ್ರೆಂದು ಸದ್ದು ಬಂತು. ಎಣ್ಣೆ ಕಾದಂಥ ಸದ್ದು. ಅದೇ ಮುಂದುವರಿಯಿತು.

“ಶುರು ಲೇಟು ಅಂತ ಕಾಣುತ್ತೆ,” ಎಂದ ಕೆಂಪರಾಜು.

ಆಮೇಲೆ ಬಾವಿಯ ತಳದಿಂದ ಕೊಡ ಮೇಲೆದ್ದ ಹಾಗೆ ಜನರ ಗದ್ದಲ ಎದ್ದಿತು. ‘ಪಿಚ್ಚರ್ ಹಾಡು ಹಾಕ್ರೋ’ ಎಂದು ಯಾವನೋ ಕೂಗಿದ, ಕೂಗು ಪೂರ್ತಿಯಾಗುವ ಮುಂಚೆ ಮುಳುಗಿತು. ಸರ್ರೆಂಬ ಸದ್ದು. ಮತ್ತೆ ಎದ್ದಿತು: ‘...ಬಿಳೀ ಅಂಬಾಸಿಡರ್ ಕಾರಿನ ಮಾಲೀಕರು...’ ಮತ್ತೆ ಮುಳುಗಿತು.

“ಆ ಕಾರು ಪಟೇಲರದು,” ಎಂದಳು ಈಶ್ವರಮ್ಮ ಖುಷಿಯಿಂದ. “ನಾನಲ್ಲೇ ಕೂತಿದ್ದೆ, ಹೆಂಗಸ್ರ ಸಾಲಲ್ಲಿ. ಆಗಿನ್ನೂ ಮದ್ವೆ ಇಲ್ಲ, ಏನಿಲ್ಲ.”

ಯುವರಾಜ ಶಶಿಕಾಂತರ ಮುಖ ನೋಡಿದ. ಅವರು ತಲೆ ಬಗ್ಗಿಸಿಕೊಂಡು ಆಲಿಸುತ್ತಿದ್ದರು, ಹುಬ್ಬು ಗಂಟಿಕ್ಕಿತ್ತು.

“ನಿಮ್ಮ ಟೇಪೇ ಸರಿ ಇಲ್ಲ ಅಂಕಲ್,” ಎಂದ.

“ಬೆಳಿಗ್ಗೆ ಬೇರೆ ಕ್ಯಾಸೆಟ್ ಹಾಕಿ ನೋಡ್ದೆ. ಚೆನ್ನಾಗೇ ಇತ್ತು.” ಶಶಿಕಾಂತ್ ತಲೆ ಎತ್ತಿ ಮೆಲ್ಲಗೆ ಕೇಳಿದರು, “ಎಲ್ಲಿಟ್ಟಿದ್ಯೋ ಇದನ್ನ?”

“ಅಪ್ಪನ ಬಾಕ್ಸ್ ಒಳಗೆ. ಯಾರಿಗೂ ಸಿಗ್ದಿರ್ಲಿ ಅಂತ.”

“ಒಳಗೆ ಅಂದ್ರೆ?”

“ಸ್ಪೀಕರ್ ಹಿಂದೆ. ಮ್ಯಾಗ್ನೆಟ್ಟಿಗೆ ಅಂಟಿಸಿ ಕಟ್ಟಿದ್ದೆ.”

ಶಶಿಕಾಂತ್ ಕಣ್ಣು ಮುಚ್ಚಿದರು. ಅವರು ಬೈದಿದ್ದರೆ ಯುವರಾಜನಿಗೆ ಹಗುರಾಗುತ್ತಿತ್ತು. ತಿರುಗಿ ಬಯ್ಯಬಹುದಿತ್ತು, ಮೈಮೇಲೆ ಬೀಳಬಹುದಿತ್ತು. ಅವರು ಅವನಿಗಷ್ಟೇ ಕೇಳುವಂತೆ, “ಕ್ಯಾಸೆಟ್ಟನ್ನ ಮ್ಯಾಗ್ನೆಟ್ ಹತ್ರ ಇಡಬಾರದಪ್ಪ. ಅಳಿಸಿಹೋಗುತ್ತೆ,” ಎಂದರು. ಚಿಕ್ಕ ಮಗುವಿಗೆ ಹೇಳಿದ ಹಾಗೆ. “ದೂರದ ಅಂಚಲ್ಲಿದ್ದಿದ್ದು ಚೂರುಪಾರು ಉಳಿದಿದೆ, ಅಷ್ಟೇ.”

ಯುವರಾಜನ ಕೈಮೇಲೆ ಹಳೇ ಏಟು ಚುರ್ ಎಂದಿತು. ಬಾಕ್ಸಿನ ಮೇಲೆ ಜೋಡಿಸಿದ್ದ ಕ್ಯಾಸೆಟ್ಟುಗಳನ್ನು ಅಪ್ಪ ಯಾಕೆ ಹಾಗೆ ಬಾಚಿಕೊಂಡು ಓಡಿದ ಎಂಬುದು ಇಷ್ಟು ವರ್ಷದ ಮೇಲೆ, ಮುಚ್ಚಿದ ಬಾಗಿಲ ಈಚೆ, ಅವನಿಗೆ ತಿಳಿಯಿತು.

ಒಳಗೆ ಮತ್ತೆ ಸದ್ದು ಎದ್ದಿತು. ಕೋಲಿಗೆ ಕೋಲು ತಾಕಿದ ಸದ್ದು. ಆಮೇಲೆ ಅಪ್ಪನ ಗಂಟಲು, ಇಪ್ಪತ್ತರ ಹುಡುಗನ ಗಂಟಲು, ನಗು ತಡೆದುಕೊಂಡು ಎಣಿಸುತ್ತಿತ್ತು.

‘ಒಂದ್. ಎರಡ್. ಮೂರ್.’

ಅಷ್ಟೇ. ನಾಲ್ಕು ಬರಲಿಲ್ಲ. ಡ್ರಮ್ಮು ಬರಬೇಕಾದ ಜಾಗದಲ್ಲಿ ಬರೀ ಸರ್ರೆಂಬ ಸದ್ದು ಬಂತು, ಬರುತ್ತಲೇ ಇತ್ತು. ನಾಲ್ವರೂ ಕಾದರು. ಬೀದಿಯಲ್ಲಿ ಯಾರೋ ಆಟೋ ಸ್ಟಾರ್ಟ್ ಮಾಡಿದರು.

“ಹೊತ್ತಾಯ್ತು, ಬಾಗ್ಲು ತಟ್ಟು ಮಗಾ,” ಎಂದಳು ಅಮ್ಮ.

ಯುವರಾಜ ತಟ್ಟಿದ. ಮೂರು ಸಲ ಮೆಲ್ಲಗೆ ತಟ್ಟಿದರೆ ಸಾಕಿತ್ತು. ಅವನ ಕೈ ನಿಲ್ಲಲಿಲ್ಲ. ಬಾಗಿಲ ಮೇಲೆ ಗೆಣ್ಣುಗಳು ಓಡಿದವು, ಒಂದರ ಬೆನ್ನಿಗೆ ಒಂದು, ಇನ್ನೂ ಜೋರಾಗಿ, ಇನ್ನೂ ಬೇಗ, ಚಿಲಕ ಅದುರುವ ತನಕ. ಶಶಿಕಾಂತ್ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

“ಏಯ್, ನಿಧಾನ! ಬಾಗ್ಲು ಮುರೀತೀಯಾ?” ಎಂದಳು ಈಶ್ವರಮ್ಮ.

ಒಳಗೆ ಮುದ್ದೆ ಆರಿತ್ತು. ದೀಪ ಉರಿಯುತ್ತಿತ್ತು. ಕ್ಯಾಸೆಟ್ಟಿನ ಚಕ್ರಗಳು ಎಂದಿನಂತೆ ತಿರುಗುತ್ತಿದ್ದವು. ಅಮ್ಮ ಫೋಟೋದ ಮುಂದೆ ಕೂತು ಎಲೆಯಂಚಿಗೆ ಬಿದ್ದ ಹೂವನ್ನು ಸರಿಸಿದಳು. “ಈ ಕಡೆ ಸರಿಯಾಗಿ ಕೇಳ್ಸಲ್ಲ ಕಣೋ. ‘ಇನ್ನೊಂದ್ ಕಡೇಲಿ ನನ್ನ ಕೈ ಜಾಸ್ತಿ ಐತೆ’ ಅಂತ ನಿಮ್ಮಪ್ಪ ಹೇಳೋರು. ತಿರುಗ್ಸಿ ಹಾಕು.”

ಕ್ಯಾಸೆಟ್ಟಿಗೆ ಕಡೆ ಎರಡಾದರೂ ಒಳಗಿನ ಟೇಪು ಒಂದೇ. ಈ ಕಡೆ ಹೋದದ್ದು ಆ ಕಡೆಯೂ ಹೋಗಿರುತ್ತದೆ. ಅದು ಈಗ ಅವನಿಗೆ ಗೊತ್ತಾಗಿತ್ತು, ಬಾಗಿಲಲ್ಲಿ ನಿಂತಿದ್ದ ಶಶಿಕಾಂತರಿಗೂ ಗೊತ್ತಿತ್ತು. ಯುವರಾಜ ಅವರತ್ತ ನೋಡಿದ. ಬಾಯಿ ಬಿಟ್ಟು ಏನನ್ನೂ ಬೇಡಿ ಅಭ್ಯಾಸವಿಲ್ಲದ ಹುಡುಗ ಅವನು.

“ಹಾಕಪ್ಪ,” ಎಂದರು ಶಶಿಕಾಂತ್. “ಕೇಳೋಣ.”

ಅವನು ಕ್ಯಾಸೆಟ್ಟನ್ನು ತೆಗೆದು ತಿರುಗಿಸಿದ. ಗುಂಡಿ ಒತ್ತಿ ಅಮ್ಮನ ಪಕ್ಕ ನೆಲದ ಮೇಲೆ ಕೂತ. ಸರ್ರೆಂಬ ಸದ್ದು ಶುರುವಾಯಿತು. ಈಶ್ವರಮ್ಮ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಟೇಪಿನ ಹತ್ತಿರಕ್ಕೆ ಬಗ್ಗಿದಳು.

“ತಡಿ,” ಎಂದಳು. “ಈಗ ಬರುತ್ತೆ.”